ಅಮೈಲಾಯ್ಡ್ ತುಂಬಿದ ಮಿದುಳು, ಉಳಿದ ನೆನಪು: ಆಂಟಿಯೋಕಿಯಾದ ಒಂದು ಪ್ರಕರಣ

ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತ್ಯದ ಒಬ್ಬ ಮಹಿಳೆಯ ವೈದ್ಯಕೀಯ ವಿವರಗಳು 2019ರ ನವೆಂಬರ್‌ನಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದವು. ಆಕೆ ಹುಟ್ಟಿದ ಮನೆತನದಲ್ಲಿ ಆಲ್ಜೈಮರ್ ಕಾಯಿಲೆಯನ್ನು ಬಹುತೇಕ ತಪ್ಪದೆ ತರುವ ವಂಶವಾಹಿ ದೋಷವೊಂದು ತಲೆಮಾರುಗಳಿಂದ ಹರಿದುಬಂದಿದೆ. ಆ ದೋಷವನ್ನು ಪಡೆದವರಿಗೆ ಸಾಮಾನ್ಯವಾಗಿ 44ರ ಆಸುಪಾಸಿನಲ್ಲಿ ಮರೆವು ಕಾಣಿಸಿಕೊಂಡು, 49ರ ಹೊತ್ತಿಗೆ ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕಿಗೇ ಅಡ್ಡಿಯಾಗುವಷ್ಟು ಬುದ್ಧಿಶಕ್ತಿಯ ಕುಸಿತ, ಆವರಿಸಿಕೊಳ್ಳುತ್ತದೆ. ಈ ಮಹಿಳೆಯೂ ಅದನ್ನು ಪಡೆದೇ ಹುಟ್ಟಿದವರು. ಆದರೂ ಅವರ ನೆನಪಿನ ಶಕ್ತಿಯಲ್ಲಿ ಸಣ್ಣ ಕುಂದು ಕಾಣಿಸಿದ್ದು ಎಪ್ಪತ್ತು ದಾಟಿದ ಮೇಲೆ, ಅಂದರೆ ನಿರೀಕ್ಷಿತ ವಯಸ್ಸಿಗಿಂತ ಸುಮಾರು ಮೂವತ್ತು ವರ್ಷ ತಡವಾಗಿ. ಅಚ್ಚರಿಯೆಂದರೆ, ಕಾಯಿಲೆಯ ಮೊದಲ ಗುರುತೆಂದು ಎಲ್ಲರೂ ಒಪ್ಪಿದ ಅಮೈಲಾಯ್ಡ್ ಎಂಬ ಪ್ರೋಟೀನ್ ಅವರ ಮಿದುಳಿನಲ್ಲಿ ಕಡಿಮೆಯೇನೂ ಇರಲಿಲ್ಲ. ರೋಗ ಕಾಣಿಸಿಕೊಂಡಿದ್ದ ಬಂಧುಗಳ ಮಿದುಳಿಗಿಂತ ಹೆಚ್ಚೇ ಇತ್ತು.

ಆಲ್ಜೈಮರ್ ಕಾಯಿಲೆಯನ್ನು ಲಕ್ಷಣಗಳಿಗೂ ಮೊದಲೇ ಗುರುತಿಸಬಲ್ಲ ಜೈವಿಕ ಸೂಚಕಗಳ ಬಗ್ಗೆ ಈಗ ಎಲ್ಲೆಡೆ ಮಾತಿದೆ. ರಕ್ತ ಪರೀಕ್ಷೆಯೊಂದರಿಂದಲೇ ಹತ್ತಿಪ್ಪತ್ತು ವರ್ಷ ಮುಂಚಿತವಾಗಿ ತಿಳಿದುಕೊಳ್ಳಬಹುದೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆ ಸುದ್ದಿ ಸುಳ್ಳಲ್ಲ, ಮತ್ತು ಅದರ ಹಿಂದಿನ ಪುರಾವೆಯ ಒಂದು ಮುಖ್ಯ ಪಾಲು ಇದೇ ಮನೆತನದಿಂದ ಬಂದದ್ದು. ಆ ಸೂಚಕಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಈ ಒಬ್ಬ ಮಹಿಳೆಯ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ. ಆದ್ದರಿಂದ ಅದನ್ನು ವಿವರವಾಗಿ ನೋಡುವುದು ಅಗತ್ಯವೆಂದು ಭಾವಿಸುತ್ತೇನೆ.

ಮೊದಲು ಮನೆತನದ ವಿಚಾರ. ಮೆಡೆಲಿನ್ ನಗರದ ನರರೋಗ ತಜ್ಞ ಫ್ರಾನ್ಸಿಸ್ಕೊ ಲೊಪೇರಾ 1980ರ ದಶಕದಲ್ಲಿ, ನಲವತ್ತರ ಹರೆಯದಲ್ಲೇ ಮರೆವಿಗೆ ಸಿಕ್ಕಿದ ರೋಗಿಗಳನ್ನು ಕಂಡು, ಅವರ ಊರುಗಳಿಗೇ ಹೋಗಿ ವಂಶವೃಕ್ಷ ಬರೆದುಕೊಳ್ಳಲು ಆರಂಭಿಸಿದರು. ಯಾರೂಮಾಲ್, ಅಂಗೋಸ್ತೂರಾದಂಥ ಬೆಟ್ಟದೂರುಗಳ ಮನೆಗಳು ಒಂದಕ್ಕೊಂದು ಸೇರುತ್ತ ಹೋಗಿ, ಕೊನೆಗೆ ಸುಮಾರು 6,000 ಮಂದಿಯ ಒಂದೇ ವಿಸ್ತಾರವಾದ ಬಳಗವಾಯಿತು. ಅವರಲ್ಲಿ ಸುಮಾರು 1,200 ಮಂದಿ ದೋಷವನ್ನು ಹೊತ್ತವರು. ಅಮೆರಿಕದ ನರವಿಜ್ಞಾನಿ ಕೆನೆತ್ ಕೋಸಿಕ್ ಈ ಕೆಲಸದಲ್ಲಿ ಜೊತೆಯಾದರು. 1995ರಲ್ಲಿ ಪ್ರೆಸಿನಿಲಿನ್-1 ಎಂಬ ವಂಶವಾಹಿ ಪತ್ತೆಯಾದಾಗ, ಈ ಮನೆತನದ ದೋಷ ಇರುವುದೂ 14ನೆಯ ವರ್ಣತಂತುವಿನಲ್ಲಿರುವ ಅದೇ ವಂಶವಾಹಿಯಲ್ಲಿ ಎಂಬುದು ಖಚಿತವಾಯಿತು. ಪ್ರೋಟೀನಿನ 280ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ಅಲನೀನ್ ಬಂದು ಕೂತಿದೆ, ಅಷ್ಟೇ ವ್ಯತ್ಯಾಸ. ಇದನ್ನು ಇ280ಎ ಎಂದು ಕರೆಯುತ್ತಾರೆ. ದೋಷವುಳ್ಳ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಲೊಪೇರಾ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ನಾಲ್ಕು ದಶಕ ಕಾಲ ಅದೇ ಜನರ ನಡುವೆ ಓಡಾಡಿ, ಅವರ ನಂಬಿಕೆ ಗಳಿಸಿದ ವೈದ್ಯರೊಬ್ಬರು ಇಲ್ಲದಿದ್ದರೆ ಮುಂದಿನ ಯಾವ ಅಂಕಿಯೂ ನಮ್ಮ ಕೈಗೆ ಸಿಗುತ್ತಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಪ್ರೆಸಿನಿಲಿನ್-1 ಎಂಬುದು ಗಾಮಾ-ಸೆಕ್ರಿಟೇಸ್ ಎಂಬ ಕಿಣ್ವದ ಮುಖ್ಯ ಭಾಗ. ನರಕೋಶದ ಪೊರೆಯಲ್ಲಿರುವ ಅಮೈಲಾಯ್ಡ್ ಪೂರ್ವ ಪ್ರೋಟೀನನ್ನು ಈ ಕಿಣ್ವ ಕತ್ತರಿಸಿದಾಗ ಬೇರೆ ಬೇರೆ ಉದ್ದದ ಬೀಟಾ-ಅಮೈಲಾಯ್ಡ್ ತುಣುಕುಗಳು ಹುಟ್ಟುತ್ತವೆ. ದೋಷವಿರುವಾಗ, 42 ಅಮೈನೊ ಆಮ್ಲಗಳ ಉದ್ದದ, ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವದ ತುಣುಕಿನ ಪಾಲು ಹೆಚ್ಚುತ್ತದೆ. ಅವು ಕೋಶಗಳ ಹೊರಗೆ ಗಡ್ಡೆಗಟ್ಟಿ ಪ್ಲಾಕ್ ಆಗುತ್ತವೆ. ಆಮೇಲೆ ಕೋಶದೊಳಗಿನ ಟೌ ಎಂಬ ಪ್ರೋಟೀನ್ ರಾಸಾಯನಿಕವಾಗಿ ಬದಲಾಗಿ ಸಿಕ್ಕುಗಟ್ಟುತ್ತದೆ, ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹಬ್ಬುತ್ತದೆ, ಹಬ್ಬಿದ ಕಡೆಯಲ್ಲೆಲ್ಲ ಕೋಶಗಳು ಸಾಯುತ್ತವೆ. ನೆನಪು ಕುಂದುವುದು ಈ ಎರಡನೆಯ ಹಂತದ ಜೊತೆಜೊತೆಗೆ.

ಈ ಮನೆತನದಲ್ಲಿ ಯಾರಿಗೆ, ಯಾವ ವಯಸ್ಸಿಗೆ ರೋಗ ಬರುತ್ತದೆ ಎಂಬುದು ಹೆಚ್ಚುಕಡಿಮೆ ಮುಂಚಿತವಾಗಿಯೇ ಗೊತ್ತಿರುವುದರಿಂದ, ಯೌವನದಲ್ಲೇ ಪರೀಕ್ಷಿಸಿ ಮುಂದೇನಾಗುವುದೆಂದು ತಾಳೆ ನೋಡುವ ಅವಕಾಶ ಸಂಶೋಧಕರಿಗೆ ಸಿಕ್ಕಿತು. ಬೇರೆ ಕಡೆ ಎಪ್ಪತ್ತು ವರ್ಷದವರಲ್ಲಿ ಅಮೈಲಾಯ್ಡ್ ಕಂಡರೆ ಅದು ಯಾವಾಗ ಶುರುವಾಯಿತೆಂದು ಹೇಳುವುದು ಕಷ್ಟ. ಇಲ್ಲಿ ಅದಕ್ಕೆ ಉತ್ತರವಿತ್ತು. ಅರಿಜೋನಾದ ಬ್ಯಾನರ್ ಆಲ್ಜೈಮರ್ಸ್ ಸಂಸ್ಥೆಯವರು ಮತ್ತು ಮೆಡೆಲಿನ್‌ನವರು ಸೇರಿ 2012ರಲ್ಲಿ ಪ್ರಕಟಿಸಿದ ಪೆಟ್ ಸ್ಕ್ಯಾನ್ (ವಿಕಿರಣಶೀಲ ದ್ರವ್ಯ ಬಳಸಿ ಮಿದುಳಿನ ಚಿತ್ರ ತೆಗೆಯುವ ವಿಧಾನ) ಅಧ್ಯಯನದ ಪ್ರಕಾರ, ದೋಷವುಳ್ಳವರ ಮಿದುಳಿನಲ್ಲಿ ಅಮೈಲಾಯ್ಡ್ ಶೇಖರಣೆ ಸರಾಸರಿ 28.2ನೆಯ ವಯಸ್ಸಿಗೆ ಆರಂಭವಾಗಿ, 37ರ ಸುಮಾರಿಗೆ ಏರುವುದು ನಿಲ್ಲುತ್ತದೆ. ಅಂದರೆ ಶೇಖರಣೆ ಆರಂಭವಾಗುವುದು ಮರೆವಿಗೂ 16 ವರ್ಷ ಮೊದಲು. 2018ರ ಇನ್ನೊಂದು ಅಧ್ಯಯನದಲ್ಲಿ ಟೌ ಪ್ರೋಟೀನನ್ನು ತೋರಿಸುವ ಸ್ಕ್ಯಾನ್ ಮಾಡಿದಾಗ, ಮಿದುಳಿನ ಪಕ್ಕದ ಒಳಭಾಗದಲ್ಲಿ ಟೌ ಹೆಚ್ಚಿದ್ದು 38ರ ಆಸುಪಾಸಿನಲ್ಲಿ, ಅಂದರೆ ಮರೆವಿಗೆ ಸುಮಾರು 6 ವರ್ಷ ಮೊದಲು ಎಂದು ತಿಳಿಯಿತು. ಅಮೈಲಾಯ್ಡ್‌ಗೂ ಟೌಗೂ ನಡುವೆ ಹತ್ತು ವರ್ಷದ ಅಂತರ. ಈ ಅಂತರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮಹಿಳೆಯ ಪ್ರಕರಣದ ಬೀಗ ತೆರೆಯುವುದು ಇಲ್ಲಿಯೇ.

ರಕ್ತದ ಸೂಚಕಗಳು ಇನ್ನೂ ಮುಂಚೆ ಏರುತ್ತವೆ. 2020ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಗಮನಿಸಬೇಕು. ಒಂದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ನ್ಯೂರೊಫಿಲಮೆಂಟ್ ಲೈಟ್ ಎಂಬ ಪ್ರೋಟೀನನ್ನು ಅಳೆದರು. ನರಕೋಶದ ತಂತುಗಳಿಗೆ ಪೆಟ್ಟಾದಾಗ ಸೋರಿ ಹೊರಬರುವ ಈ ಪ್ರೋಟೀನಿನ ಮಟ್ಟ, ದೋಷವುಳ್ಳವರಲ್ಲಿ ಮತ್ತು ಇಲ್ಲದವರಲ್ಲಿ 22ನೆಯ ವಯಸ್ಸಿನ ಹೊತ್ತಿಗೇ ಬೇರೆಯಾಗತೊಡಗಿತ್ತು. ಇನ್ನೊಂದು ಪಿ-ಟೌ 217 ಕುರಿತದ್ದು. ಟೌ ಪ್ರೋಟೀನಿನ 217ನೆಯ ಸ್ಥಾನಕ್ಕೆ ಫಾಸ್ಫೇಟ್ ಅಂಟಿಕೊಂಡ ರೂಪವಿದು. ರಕ್ತದಲ್ಲಿ ಇರುವುದು ಪಿಕೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲಿನ ಅಳತೆಯಲ್ಲಿ. ಇದು 25ನೆಯ ವಯಸ್ಸಿನಲ್ಲೇ, ಮರೆವಿಗೆ ಸುಮಾರು 20 ವರ್ಷ ಮೊದಲೇ ಏರತೊಡಗಿತ್ತು. ಅಮೈಲಾಯ್ಡ್ ಪ್ಲಾಕ್ ಸ್ಕ್ಯಾನಿನಲ್ಲಿ ಕಾಣುವ ಮೊದಲೇ ಟೌ ರಕ್ತದಲ್ಲಿ ಏರುವುದೆಂದರೆ ಸಿಕ್ಕುಗಟ್ಟಿದ ಟೌ ಆಗಲೇ ಇದೆಯೆಂದಲ್ಲ. ಅಮೈಲಾಯ್ಡ್‌ಗೆ ನರಕೋಶಗಳು ತೋರುವ ಮೊದಲ ಪ್ರತಿಕ್ರಿಯೆ ಈ ಪಿ-ಟೌ ಎಂದು ತಜ್ಞರು ತಿಳಿಯುತ್ತಾರೆ.

ಈ ವಯಸ್ಸುಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಇವು ಗುಂಪುಗಳ ಸರಾಸರಿ ಬೇರೆಯಾಗತೊಡಗುವ ವಯಸ್ಸುಗಳೇ ಹೊರತು ಯಾವುದೇ ಒಬ್ಬ ವ್ಯಕ್ತಿಯ ವರದಿ ಅಸಹಜವಾಗುವ ದಿನಾಂಕಗಳಲ್ಲ. 22 ವರ್ಷದ ಇಬ್ಬರ ನ್ಯೂರೊಫಿಲಮೆಂಟ್ ಮಟ್ಟವನ್ನು ಪಕ್ಕಪಕ್ಕ ಇಟ್ಟು ಯಾರಲ್ಲಿ ದೋಷವಿದೆ ಎಂದು ಹೇಳಲು ಬರುವುದಿಲ್ಲ. ಸೂಚಕದ ದಿಕ್ಕೂ ಒಂದೇ ತೆರನಾಗಿರುವುದಿಲ್ಲ. 18ರಿಂದ 26 ವರ್ಷದ ಯುವಕ ಯುವತಿಯರನ್ನು ಪರೀಕ್ಷಿಸಿದ 2012ರ ಅಧ್ಯಯನದಲ್ಲಿ, ದೋಷವುಳ್ಳವರ ಬೆನ್ನುಹುರಿಯ ದ್ರವದಲ್ಲಿ ಬೀಟಾ-ಅಮೈಲಾಯ್ಡ್ 42 ಹೆಚ್ಚಿತ್ತು, ಏಕೆಂದರೆ ಅದು ಅತಿಯಾಗಿ ಉತ್ಪತ್ತಿಯಾಗುತ್ತಿತ್ತು. ವಯಸ್ಸಾದಂತೆ ಅದೇ ದ್ರವದಲ್ಲಿ ಅದೇ ಪ್ರೋಟೀನ್ ಕಡಿಮೆಯಾಗುತ್ತದೆ, ಏಕೆಂದರೆ ಮಿದುಳಿನ ಪ್ಲಾಕ್‌ಗಳಲ್ಲಿ ಅದು ಸೇರಿಹೋಗಿ ದ್ರವಕ್ಕೆ ಬರುವುದು ತಗ್ಗುತ್ತದೆ. ಹೆಚ್ಚಿನಿಂದ ಕಡಿಮೆಗೆ ಇಳಿಯುವ ದಾರಿಯಲ್ಲಿ ಅದು ಸಹಜ ಮಟ್ಟವನ್ನೂ ಹಾಯ್ದು ಹೋಗುತ್ತದೆ. ಆ ದಿನಗಳಲ್ಲಿ ಯಾರಾದರೂ ಪರೀಕ್ಷೆ ಮಾಡಿಸಿದರೆ ವರದಿ ‘ಸಹಜ’ ಎಂದೇ ಬರುತ್ತದೆ.

ಈಗ ಮಹಿಳೆಯ ವಿಚಾರಕ್ಕೆ ಬರೋಣ. ವಯಸ್ಸು ಎಪ್ಪತ್ತನ್ನು ದಾಟಿದ್ದರೂ ದೋಷವುಳ್ಳ ವ್ಯಕ್ತಿಯೊಬ್ಬರು ಸ್ವಸ್ಥರಾಗಿ ಓಡಾಡುತ್ತಿದ್ದಾರೆಂಬುದು ಲೊಪೇರಾ ತಂಡದ ಗಮನಕ್ಕೆ ಬಂದಾಗ, ಅವರನ್ನು ಬಾಸ್ಟನ್‌ಗೆ ಕರೆಸಿಕೊಂಡು ಪರೀಕ್ಷಿಸಲಾಯಿತು. ಕೊಲಂಬಿಯಾ ಮೂಲದವರೇ ಆದ ಯಾಕೀಲ್ ಕಿರೋಸ್ ಮತ್ತು ಹೋಸೆಫ್ ಆರ್ಬೊಲೆಡಾ-ವೆಲಾಸ್ಕೆಸ್ ಈ ಕೆಲಸದ ಮುಂದಾಳುಗಳು. ಅಮೈಲಾಯ್ಡ್‌ಗೆ ಅಂಟಿಕೊಳ್ಳುವ ವಿಕಿರಣಶೀಲ ದ್ರವ್ಯವನ್ನು ರಕ್ತನಾಳಕ್ಕೆ ಕೊಟ್ಟು, ಅದು ಮಿದುಳಿನ ತೊಗಟೆಯಲ್ಲಿ ಎಷ್ಟು ನಿಲ್ಲುತ್ತದೆ, ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳುವ ಕಿರುಮಿದುಳಿನಲ್ಲಿ ಎಷ್ಟು ನಿಲ್ಲುತ್ತದೆ ಎಂದು ಹೋಲಿಸಿದಾಗ ಒಂದು ಅನುಪಾತ ಸಿಗುತ್ತದೆ. ನಲವತ್ತರ ಹರೆಯದಲ್ಲೇ ಮರೆವು ಶುರುವಾಗಿದ್ದ ಬಂಧುಗಳಲ್ಲಿ ಅದು 1.49ರಿಂದ 1.60ರವರೆಗೆ ಇತ್ತು. ಈ ಮಹಿಳೆಯಲ್ಲಿ 1.96. ಅಮೈಲಾಯ್ಡ್ ಒಂದನ್ನೇ ನೋಡಿ ತೀರ್ಮಾನಿಸುವುದಾಗಿದ್ದರೆ ಆ ಮನೆತನದಲ್ಲೇ ಅತ್ಯಂತ ಕೆಟ್ಟ ವರದಿ ಅವರದಾಗಿರುತ್ತಿತ್ತು.

ಉಳಿದ ಚಿತ್ರಗಳು ಬೇರೆ ಕಥೆ ಹೇಳಿದವು. ಟೌ ಸ್ಕ್ಯಾನಿನಲ್ಲಿ ಸಿಕ್ಕುಗಟ್ಟಿದ ಟೌ ಮಿದುಳಿನ ಪಕ್ಕದ ಒಳಭಾಗಕ್ಕೂ ಹಿಂಭಾಗಕ್ಕೂ ಸೀಮಿತವಾಗಿತ್ತು. ಆ ಕಾಯಿಲೆಯಲ್ಲಿ ಸಾಮಾನ್ಯವಾಗಿ ತುಂಬಿಕೊಳ್ಳುವ ಉಳಿದ ಪ್ರದೇಶಗಳು ಬಹುಮಟ್ಟಿಗೆ ಉಳಿದುಕೊಂಡಿದ್ದವು. ಆಲ್ಜೈಮರ್ ಕಾಯಿಲೆಯಲ್ಲಿ ಗ್ಲೂಕೋಸ್ ಬಳಕೆ ಇಳಿಯುವ ಪ್ರದೇಶಗಳಲ್ಲಿ ಅವರ ಮಿದುಳು ಗ್ಲೂಕೋಸನ್ನು ಚೆನ್ನಾಗಿಯೇ ಬಳಸುತ್ತಿತ್ತು. ಅವರಿಗಿದ್ದ ತೊಂದರೆ ಇತ್ತೀಚಿನ ಸಂಗತಿಗಳನ್ನು ಮರೆಯುವುದಷ್ಟಕ್ಕೇ ನಿಂತಿತ್ತು. ಅಮೈಲಾಯ್ಡ್ ತನ್ನ ಕೆಲಸ ಮುಗಿಸಿತ್ತು, ಆದರೆ ಅದಕ್ಕೂ ಟೌ ಹಬ್ಬುವುದಕ್ಕೂ ನಡುವಿನ ಕೊಂಡಿ ಎಲ್ಲೋ ಕಳಚಿತ್ತು.

ಕಾರಣವನ್ನು ಹುಡುಕಲು ಅವರ ಪೂರ್ಣ ಜೀನೋಮನ್ನು ಓದಿದಾಗ, ಕೊಬ್ಬನ್ನು ಸಾಗಿಸುವ ಅಪೊಲಿಪೊಪ್ರೋಟೀನ್ ಇ ಎಂಬ ವಂಶವಾಹಿಯಲ್ಲಿ ಅಪರೂಪದ ಬದಲಾವಣೆಯೊಂದು ಸಿಕ್ಕಿತು. ಈ ವಂಶವಾಹಿಯ ನಾಲ್ಕನೆಯ ರೂಪ, ಅಂದರೆ ಇ4, ಆಲ್ಜೈಮರ್ ಅಪಾಯವನ್ನು ಹೆಚ್ಚಿಸುವುದು ಹಳೆಯ ವಿಷಯ. ಇವರಲ್ಲಿದ್ದದ್ದು ಮೂರನೆಯ ರೂಪದಲ್ಲಿ 136ನೆಯ ಸ್ಥಾನದ ಆರ್ಜಿನೀನ್ ಬದಲಿಗೆ ಸೆರೀನ್ ಬಂದ, ನ್ಯೂಜಿಲೆಂಡಿನಲ್ಲಿ ಮೊದಲು ವರದಿಯಾದ್ದರಿಂದ ಕ್ರೈಸ್ಟ್‌ಚರ್ಚ್ ಎಂದು ಹೆಸರಾದ ರೂಪ; ಅದೂ ತಂದೆ ತಾಯಿ ಇಬ್ಬರಿಂದಲೂ ಬಂದ ಎರಡು ಪ್ರತಿಗಳು. ಇದರ ಜೊತೆಗೆ ಬರುವ ರಕ್ತದ ಕೊಬ್ಬಿನ ಏರುಪೇರೂ ಅವರಲ್ಲಿತ್ತು. ಜೀವಕೋಶಗಳ ಮೇಲ್ಮೈಯಲ್ಲಿರುವ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳಿಗೆ ಅಪೊಲಿಪೊಪ್ರೋಟೀನ್ ಅಂಟಿಕೊಳ್ಳುತ್ತದೆ. ಟೌ ಕೋಶದಿಂದ ಕೋಶಕ್ಕೆ ದಾಟುವುದೂ ಅವುಗಳ ನೆರವಿನಿಂದ. ಕ್ರೈಸ್ಟ್‌ಚರ್ಚ್ ರೂಪ ಈ ಸರಪಳಿಗಳಿಗೆ ಬಹಳ ಸಡಿಲವಾಗಿ ಅಂಟಿಕೊಳ್ಳುವುದು ಪ್ರಯೋಗಾಲಯದಲ್ಲಿ ಕಂಡುಬಂದಿತು. ಟೌ ಹರಡದಂತೆ ತಡೆದದ್ದು ಇದೇ ಇರಬೇಕೆಂಬುದು ಸಂಶೋಧಕರ ವಿವರಣೆ.

ಮಹಿಳೆ 2020ರಲ್ಲಿ 77ನೆಯ ವಯಸ್ಸಿನಲ್ಲಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡರು. ಕುಟುಂಬದವರು ಮಿದುಳನ್ನು ದಾನವಾಗಿ ಕೊಟ್ಟರು. ಹ್ಯಾಂಬರ್ಗ್‌ನಲ್ಲಿ ಅದನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ವರದಿ, ಜೀವಂತವಾಗಿದ್ದಾಗ ತೆಗೆದ ಸ್ಕ್ಯಾನ್‌ಗಳನ್ನು ದೃಢಪಡಿಸಿತು: ಮುಂಭಾಗದ ತೊಗಟೆಯಲ್ಲಿ ಟೌ ಅಲ್ಪ, ಹಿಂಭಾಗದಲ್ಲಿ ಹೆಚ್ಚು. ಚಿತ್ರದಲ್ಲಿ ಕಂಡದ್ದು ಅಂಗಾಂಶದಲ್ಲೂ ಹಾಗೆಯೇ ಇತ್ತು ಎಂಬುದು ಜೈವಿಕ ಸೂಚಕಗಳ ಮಟ್ಟಿಗೆ ಸಣ್ಣ ವಿಷಯವಲ್ಲ.

ಒಬ್ಬ ವ್ಯಕ್ತಿಯ ಪ್ರಕರಣದಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದೆಂಬ ಆಕ್ಷೇಪ ನ್ಯಾಯವಾದದ್ದೇ. 2019ರ ವರದಿಯಲ್ಲೇ, ಕ್ರೈಸ್ಟ್‌ಚರ್ಚ್ ರೂಪದ ಒಂದೇ ಪ್ರತಿಯನ್ನು ಹೊಂದಿದ್ದ ನಾಲ್ವರು ಬಂಧುಗಳಿಗೆ ಎಲ್ಲರಂತೆ 45ರ ಸುಮಾರಿಗೆ ಮರೆವು ಬಂದಿದ್ದನ್ನು ದಾಖಲಿಸಲಾಗಿತ್ತು. ಆದರೆ 2024ರಲ್ಲಿ ಅಂಥ 27 ಮಂದಿಯನ್ನು ಒಟ್ಟಿಗೆ ನೋಡಿದಾಗ, ಹೋಲಿಕೆಗೆ ಆಯ್ದ ಬಂಧುಗಳಲ್ಲಿ 47ರಲ್ಲಿ ಕಾಣಿಸಿದ ಕುಂದು ಇವರಲ್ಲಿ 52ರಲ್ಲಿ ಕಾಣಿಸಿತ್ತು. ಡಿಮೆನ್ಷಿಯಾ 50ರ ಬದಲು 54ರಲ್ಲಿ. ಒಂದು ಪ್ರತಿ ಕೊಡುವ ರಕ್ಷಣೆ ಕೆಲವು ವರ್ಷಗಳದ್ದು. ನಾಲ್ಕು ಜನರಲ್ಲಿ ಕಾಣದಿದ್ದದ್ದು ಇಪ್ಪತ್ತೇಳು ಜನರಲ್ಲಿ ಕಂಡಿತು.

ಅಮೈಲಾಯ್ಡ್ ಒಂದರ ಮೇಲೆ ಕಣ್ಣಿಟ್ಟ ಚಿಕಿತ್ಸೆಗೂ ಇದೇ ಮನೆತನ ಪರೀಕ್ಷಾ ಭೂಮಿಯಾಯಿತು. 2013ರಲ್ಲಿ ಆರಂಭವಾದ ಪ್ರಯೋಗದಲ್ಲಿ, ಇನ್ನೂ ಮರೆವು ಬಾರದ 252 ಮಂದಿ ಭಾಗವಹಿಸಿದರು. ದೋಷವುಳ್ಳವರಲ್ಲಿ ಕೆಲವರಿಗೆ ಕ್ರೆನೆಜುಮ್ಯಾಬ್ ಎಂಬ ಪ್ರತಿಕಾಯ, ಕೆಲವರಿಗೆ ಹುಸಿಮದ್ದು ಸಿಕ್ಕಿತು. ದೋಷವಿಲ್ಲದ ಬಂಧುಗಳಿಗೂ ಹುಸಿಮದ್ದು ಕೊಟ್ಟದ್ದು, ಪ್ರಯೋಗಕ್ಕೆ ಸೇರಿದ ಮಾತ್ರಕ್ಕೆ ಯಾರಿಗೂ ತನ್ನ ವಂಶವಾಹಿಯ ಸ್ಥಿತಿ ತಿಳಿದುಬಿಡಬಾರದೆಂಬ ಕಾರಣಕ್ಕೆ. ಭಾಗವಹಿಸಿದವರ ಮನಸ್ಸನ್ನು ಕಾಪಾಡಲು ಮಾಡಿದ ಈ ಏರ್ಪಾಡು ನನಗೆ ಬಹಳ ಗೌರವಾರ್ಹವಾಗಿ ತೋರುತ್ತದೆ. 2022ರ ಜೂನ್‌ನಲ್ಲಿ ಪ್ರಕಟವಾದ ಫಲಿತಾಂಶ ನಿರಾಶೆ ತಂದಿತು; ಮದ್ದು ಕೊಟ್ಟವರಲ್ಲೂ ಕೊಡದವರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇರೆ ಪ್ರತಿಕಾಯಗಳು ಬೇರೆ ರೋಗಿಗಳಲ್ಲಿ ಸ್ವಲ್ಪ ಫಲ ಕೊಟ್ಟಿವೆ. ಲೆಕಾನೆಮ್ಯಾಬ್ 18 ತಿಂಗಳಲ್ಲಿ ಕಾಯಿಲೆಯ ಮುನ್ನಡೆಯನ್ನು ಶೇಕಡ 27ರಷ್ಟು ನಿಧಾನಗೊಳಿಸಿದೆ. ಆ ಮದ್ದನ್ನು ಕೊಡುವ ಮೊದಲು ಮಿದುಳಿನಲ್ಲಿ ಅಮೈಲಾಯ್ಡ್ ಇದೆಯೆಂದು ಖಚಿತಪಡಿಸಿಕೊಳ್ಳಲೇಬೇಕಾದ್ದರಿಂದ ಸೂಚಕಗಳ ಬೇಡಿಕೆ ಒಮ್ಮೆಲೇ ಏರಿದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ, ಪಿ-ಟೌ 217 ಮತ್ತು ಬೀಟಾ-ಅಮೈಲಾಯ್ಡ್ 42ರ ಅನುಪಾತವನ್ನು ಅಳೆಯುವ ಫ್ಯೂಜಿರೆಬಿಯೊ ಕಂಪನಿಯ ರಕ್ತ ಪರೀಕ್ಷೆಗೆ ಅನುಮತಿ ಕೊಟ್ಟಿತು. ಇದು 55 ದಾಟಿದ, ಮರೆವಿನ ಲಕ್ಷಣಗಳಿರುವವರಿಗೆ ಮಾತ್ರ. 499 ಮಂದಿಯ ಮಾದರಿಗಳಲ್ಲಿ, ಪಾಸಿಟಿವ್ ಬಂದವರ ಪೈಕಿ ಶೇಕಡ 91.7 ಮಂದಿಯಲ್ಲಿ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿಯ ದ್ರವದ ಪರೀಕ್ಷೆಯಲ್ಲೂ ಅಮೈಲಾಯ್ಡ್ ಇದ್ದದ್ದು, ನೆಗೆಟಿವ್ ಬಂದವರ ಪೈಕಿ ಶೇಕಡ 97.3 ಮಂದಿಯಲ್ಲಿ ಇಲ್ಲದಿದ್ದದ್ದು ಕಂಡಿತು. ಶೇಕಡ ಇಪ್ಪತ್ತಕ್ಕಿಂತ ಕಡಿಮೆ ಮಂದಿಯ ವರದಿ ಎರಡೂ ಅಲ್ಲದ ಮಧ್ಯದಲ್ಲಿ ನಿಂತಿತು. ಸೂಜಿಯಿಂದ ಬೆನ್ನುಹುರಿಯ ದ್ರವ ತೆಗೆಸಿಕೊಳ್ಳುವ ಕಷ್ಟ, ಪೆಟ್ ಸ್ಕ್ಯಾನಿನ ದುಬಾರಿ ವೆಚ್ಚ ಇವೆರಡನ್ನೂ ತಪ್ಪಿಸುವ ಈ ಪರೀಕ್ಷೆ ನಿಜಕ್ಕೂ ದೊಡ್ಡ ಮುನ್ನಡೆ. ಆದರೆ ಈ ಶೇಕಡಾವಾರು ಅಂಕಿಗಳು ಯಾವುದಕ್ಕೆ ಹೋಲಿಸಿ ಬಂದವು ಎಂದು ನೋಡಬೇಕು. ರಕ್ತ ಪರೀಕ್ಷೆಯ ಸರಿ ತಪ್ಪನ್ನು ಅಮೈಲಾಯ್ಡ್ ಇದೆಯೇ ಇಲ್ಲವೇ ಎಂಬುದರೊಂದಿಗೆ ತಾಳೆ ನೋಡಲಾಗಿದೆ. ಆ ಅಮೈಲಾಯ್ಡ್ ಇದ್ದ ಮಹಿಳೆಯೊಬ್ಬರು ಮೂವತ್ತು ವರ್ಷ ಹೆಚ್ಚುವರಿಯಾಗಿ ತಮ್ಮ ನೆನಪಿನೊಂದಿಗೆ ಬದುಕಿದ್ದನ್ನು ನಾವು ಈಗಷ್ಟೇ ನೋಡಿದೆವು.

ತಜ್ಞರಲ್ಲಿ ಇಂದು ನಡೆಯುತ್ತಿರುವ ವಾದದ ತಿರುಳೂ ಇದೇ. ಅಮೆರಿಕದ ಆಲ್ಜೈಮರ್ ಸಂಘ 2024ರಲ್ಲಿ ಪ್ರಕಟಿಸಿದ ಮಾನದಂಡಗಳು, ಲಕ್ಷಣಗಳಿಲ್ಲದಿದ್ದರೂ ಅಮೈಲಾಯ್ಡ್ ಸ್ಕ್ಯಾನ್ ಅಥವಾ ಪಿ-ಟೌ 217ರಂಥ ಸೂಚಕ ಅಸಹಜವಾಗಿದ್ದರೆ ಅದು ಆಲ್ಜೈಮರ್ ಕಾಯಿಲೆಯೇ ಎನ್ನುತ್ತವೆ. ಆದರೂ ಲಕ್ಷಣವಿಲ್ಲದವರಿಗೆ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡಬೇಡಿ ಎಂದು ಅವೇ ಹೇಳುತ್ತವೆ. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಯತಂಡವೊಂದು ಇದನ್ನು ವಿರೋಧಿಸಿ, ಅಂಥವರನ್ನು ಅಪಾಯದಲ್ಲಿರುವವರೆಂದು ಕರೆಯಬೇಕೇ ಹೊರತು ರೋಗಿಗಳೆಂದಲ್ಲ ಎಂದು ವಾದಿಸಿತು. ನನ್ನ ತೀರ್ಮಾನ ಎರಡನೆಯವರ ಪರ. ಪ್ಲಾಕ್ ಸೇರುವುದು ಮತ್ತು ವ್ಯಕ್ತಿ ತನ್ನನ್ನು ಕಳೆದುಕೊಳ್ಳುವುದು, ಇವೆರಡರ ನಡುವೆ ದಶಕಗಳ ದಾರಿಯಿದೆ. ಆ ದಾರಿಯಲ್ಲಿ ತಡೆ ಒಡ್ಡುವ ಶಕ್ತಿಗಳು ಕೆಲವರ ದೇಹದಲ್ಲೇ ಇವೆ. ಐವತ್ತು ವರ್ಷದ, ಮರೆವೇ ಇಲ್ಲದ ಒಬ್ಬರಿಗೆ ‘ನಿಮಗೆ ಆಲ್ಜೈಮರ್ ಇದೆ’ ಎಂದು ಬರೆದುಕೊಟ್ಟರೆ, ಅವರ ಉದ್ಯೋಗ, ವಿಮೆ, ಮಕ್ಕಳ ಮದುವೆಯ ಮಾತುಕತೆ ಎಲ್ಲದರ ಮೇಲೂ ಅದರ ನೆರಳು ಬೀಳುತ್ತದೆ. ಅದಕ್ಕೆ ಪ್ರತಿಯಾಗಿ ನಾವು ಕೊಡಬಲ್ಲದ್ದು ಸದ್ಯಕ್ಕೆ ಬಹಳ ಕಡಿಮೆ.

ಆಂಟಿಯೋಕಿಯಾದ ಪಾಠ ನಮ್ಮ ನಾಡಿಗೆ ನೇರವಾಗಿ ತಾಗುವ ಜಾಗವೂ ಒಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸುಮಾರು 10,000 ಮಂದಿಯನ್ನು ದೀರ್ಘಕಾಲ ಗಮನಿಸುವ ಗುರಿಯಿಂದ ಅಧ್ಯಯನ ನಡೆಸುತ್ತಿದೆ. ಅರಿವಿನ ಪರೀಕ್ಷೆ, ರಕ್ತ, ವಂಶವಾಹಿ, ಎಂಆರ್‌ಐ ಎಲ್ಲವೂ ಅದರಲ್ಲಿ ಸೇರಿವೆ. ಇಂಥ ಕೆಲಸದ ಅಗತ್ಯವನ್ನು ಒಂದೇ ಉದಾಹರಣೆಯಿಂದ ತೋರಿಸಬಹುದು. ಮೂತ್ರಪಿಂಡದ ಕಾರ್ಯ ಕುಂದಿದವರಲ್ಲಿ ಪಿ-ಟೌ 217, ನ್ಯೂರೊಫಿಲಮೆಂಟ್ ಎರಡೂ ರಕ್ತದಲ್ಲಿ ಏರುತ್ತವೆ, ಮಿದುಳಿನಲ್ಲಿ ಏನೂ ಆಗದಿದ್ದರೂ. ಸ್ಥೂಲಕಾಯರಲ್ಲಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದ ಮಟ್ಟ ಇಳಿದಂತೆ ತೋರುತ್ತದೆ. ಮಧುಮೇಹವೂ ಅದರಿಂದ ಬರುವ ಮೂತ್ರಪಿಂಡದ ತೊಂದರೆಯೂ ಮನೆಮನೆಯ ವಿಷಯವಾಗಿರುವ ನಮ್ಮಲ್ಲಿ, ಸ್ವೀಡನ್ನಿನಲ್ಲೋ ಅಮೆರಿಕದಲ್ಲೋ ನಿಗದಿಯಾದ ಗಡಿ ಅಂಕಿಯನ್ನು ಹಾಗೆಯೇ ತಂದು ಹಾಕಿದರೆ ಎಷ್ಟೋ ಮಂದಿಗೆ ಇಲ್ಲದ ರೋಗದ ಭಯ ಹತ್ತಿಕೊಳ್ಳುತ್ತದೆ.

ಆದ್ದರಿಂದ ಮನೆಯಲ್ಲಿ ಹಿರಿಯರೊಬ್ಬರ ಮರೆವು ಹೆಚ್ಚುತ್ತಿದೆ ಎಂದು ಕಂಡು ವೈದ್ಯರು ರಕ್ತದ ಸೂಚಕವನ್ನು ಅಳೆಸಿದಾಗ, ವರದಿಯ ಪಕ್ಕದಲ್ಲಿ ಮೂತ್ರಪಿಂಡದ ಕಾರ್ಯವನ್ನು ತೋರಿಸುವ ಕ್ರಿಯಾಟಿನಿನ್ ಅಂಕಿಯೂ ಇರಬೇಕು. ಥೈರಾಯ್ಡ್, ಬಿ12 ಜೀವಸತ್ವ, ಖಿನ್ನತೆ, ನಿದ್ರೆಯ ಮಾತ್ರೆ ಇವುಗಳನ್ನು ಮೊದಲೇ ನೋಡಿರಬೇಕು, ಏಕೆಂದರೆ ಇವುಗಳಿಂದ ಬಂದ ಮರೆವನ್ನು ಸರಿಪಡಿಸಲು ಬರುತ್ತದೆ. ಪಾಸಿಟಿವ್ ಬಂದರೆ ಅದು ಅಮೈಲಾಯ್ಡ್ ಇರುವ ಸಾಧ್ಯತೆಯನ್ನು ಹೇಳುತ್ತದೆ. ಮರೆವಿಗೆ ಕಾರಣ ಅದೇ ಹೌದೇ ಎಂಬುದನ್ನು ಎಂಆರ್‌ಐ, ನೆನಪಿನ ಪರೀಕ್ಷೆ, ಮತ್ತು ಆರು ತಿಂಗಳೋ ವರ್ಷವೋ ಬಿಟ್ಟು ಮತ್ತೆ ನೋಡಿದಾಗ ಆಗಿರುವ ಬದಲಾವಣೆ ಇವುಗಳೊಡನೆ ಸೇರಿಸಿಯೇ ನಿರ್ಧರಿಸಬೇಕಾಗುತ್ತದೆ. ಟೌ ಎಲ್ಲಿಯವರೆಗೆ ಹಬ್ಬಿದೆ ಎಂದು ತೋರಿಸುವ ಸ್ಕ್ಯಾನ್ ಎಲ್ಲರಿಗೂ ಎಟುಕುವಂಥದ್ದಲ್ಲ. ಅದು ಸಿಗುವವರೆಗೆ, ಗ್ಲೂಕೋಸ್ ಬಳಕೆಯನ್ನು ತೋರಿಸುವ ಪೆಟ್ ಸ್ಕ್ಯಾನ್ ಮತ್ತು ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಗಾತ್ರವನ್ನು ಅಳೆಯುವ ಎಂಆರ್‌ಐ ಆ ಪ್ರಶ್ನೆಗೆ ಪರೋಕ್ಷವಾಗಿ ಉತ್ತರ ಕೊಡುತ್ತವೆ.